ಬಿಟ್ಟುಬಿಡು ಅಂದ ದೇವದೂತ

ದೇವದೂತ ಸೋತುಹೋದ ಎಂದು ಗೋಕಾಕದ ಆಸ್ಪತ್ರೆಯಲ್ಲಿ ನಾನು ಜೋರಾಗಿ ನಕ್ಕಿದ್ದಕ್ಕೆ ಪಕ್ಕದ ಹಾಸಿಗೆಯ ಅಕ್ಕೋರು ನನ್ನ ಜೊತೆ ಮಾತು ಬಿಟ್ಟರು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಒಂದೇ ಮಗ್ಗುಲಲ್ಲಿ ಮಲಗುವುದು ಸುಲಭವಲ್ಲ. ಆದರೂ ಮಧ್ಯಾಹ್ನದ ಊಟದಿಂದ ಮರುದಿನದ ಚಹಾದವರೆಗೆ ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ಹಟದಲ್ಲಿ ನನ್ನನ್ನು ಮೀರಿಸುವವರು ಒಬ್ಬರು ಸಿಕ್ಕರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ನಾನು ಮೂಡಲಗಿಯವಳು. ಕುಸ್ತಿ ನನ್ನ ಕಸುಬು. ಅಪ್ಪ ಗರಡಿಯಲ್ಲಿ ವಸ್ತಾದರಾಗಿದ್ದರು, ಅಂದರೆ ಕುಸ್ತಿ ಕಲಿಸುವವರು. ಗಂಡುಮಗ, ನನ್ನ ತಮ್ಮ, ಕುಸ್ತಿಗೆ ಬೆನ್ನು ತೋರಿಸಿದ್ದರಿಂದ ನನ್ನನ್ನು ಕಣಕ್ಕಿಳಿಸಿದರು. ಅವರು ತೀರಿಕೊಂಡ ಮೇಲೆ ಅದೇ ಗರಡಿಯಲ್ಲಿ ಹುಡುಗಿಯರಿಗೆ ಕಲಿಸತೊಡಗಿದೆ. ಕಮಿಟಿಯ ಹಿರಿಯರು ಗೊಣಗುತ್ತಲೇ ಒಪ್ಪಿದ್ದರು. ಹೀಗಿರುವಾಗ ಹತ್ತರಗಿಯಲ್ಲಿ ನೆಂಟರ ಮನೆಯ ಸೀಮಂತ ಮುಗಿಸಿಕೊಂಡು ಬರುತ್ತಿದ್ದೆ. ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಮೇಲೆ ಸ್ಕೂಟರ್ ಹತ್ತಿ ಜಾರಿತು. ಎಡತೊಡೆಯ ಕೀಲು ಪುಡಿಯಾಯಿತು. ಗೋಕಾಕದಲ್ಲಿ ಆಪರೇಶನ್ ಮಾಡಿ ಹೊಸ ಕೀಲು ಹಾಕಿದರು. ಒಳಗೆ ಕರೆದೊಯ್ಯುವ ಮೊದಲು ಕೊರಳಿನ ಲಿಂಗವನ್ನು ಬಿಚ್ಚಬೇಕಾಯಿತು. ನಾನು ಹೊರಗೆ ಬರುವವರೆಗೂ ಅವ್ವ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳಂತೆ.

ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. ನಡೆಯುತ್ತೀ, ಆದರೆ ಕುಂಟು ಉಳಿಯಬಹುದು. ಇನ್ನು ಕುಸ್ತಿ ಹಿಡಿಯುವಂತಿಲ್ಲ, ಬೈಠಕ್ ಹೊಡೆಯುವಂತಿಲ್ಲ ಅಂದರು. ಅವ್ವ ನೀರು ತರಲು ಹೊರಗೆ ಹೋದಾಗ ಹೊದಿಕೆ ಎಳೆದುಕೊಂಡು ಅತ್ತೆ.

ಮರುದಿನ ಗರಡಿಯ ಹಿರಿಯರು ಮೋಸಂಬಿ ಚೀಲ ಹಿಡಿದು ಬಂದರು. "ನೀ ಆರಾಮ ತಗೋ, ತಂಗಿ. ಹುಡಿಗ್ಯಾರ ತಾಲೀಮು ಸದ್ಯಕ್ಕ ಬಂದ್ ಇಡೂನು," ಅಂದರು. ನಮ್ಮ ಕಡೆ 'ಸದ್ಯಕ್ಕೆ' ಮುಚ್ಚಿದ ಯಾವ ಬಾಗಿಲೂ ಮತ್ತೆ ತೆರೆದದ್ದನ್ನು ನಾನು ಕಂಡಿಲ್ಲ. ನನ್ನ ಜಾಗಕ್ಕೆ ಗಂಡಸನ್ನು ತಂದರೆ ತಾಯಿತಂದೆಗಳು ಹುಡುಗಿಯರನ್ನು ಕಳಿಸುವುದಿಲ್ಲ. ಹೆಣ್ಣು ವಸ್ತಾದ ಸುತ್ತಮುತ್ತ ಇನ್ನೊಬ್ಬಳಿಲ್ಲ. ನಾನು ಎದ್ದು ಹೋಗದಿದ್ದರೆ ಆ ಕೆಂಪು ಮಣ್ಣಿಗೆ ಇನ್ನು ಹುಡುಗಿಯರು ಇಳಿಯುವುದಿಲ್ಲ; ವಿಷಯ ಇಷ್ಟೇ. ನೋಡಲು ಬಂದವರೆಲ್ಲ ಮಾತ್ರ ಒಂದೇ ಮಾತು ಕಲಿತುಬಂದಿದ್ದರು: ಆರಾಮ ತಗೋ, ಆರಾಮ ತಗೋ. ಕೇಳಿ ಕೇಳಿ ಮೈ ಉರಿಯುತ್ತಿತ್ತು.

ಪಕ್ಕದ ಹಾಸಿಗೆಯವರು ಹುಕ್ಕೇರಿಯವರು, ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಕ್ರೈಸ್ತ ಹೆಂಗಸು. ಊರವರೆಲ್ಲ ಅಕ್ಕೋರು ಅನ್ನುತ್ತಿದ್ದರಂತೆ, ನಾನೂ ಹಾಗೇ ಕರೆದೆ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಕಥೆ ಹೇಳುವುದನ್ನು ಅವರು ಇನ್ನೂ ಬಿಟ್ಟಿರಲಿಲ್ಲ. ಆ ಸಲ ಯಹೂದಿಗಳ ಹಳೆಯ ಧರ್ಮಗ್ರಂಥದ ದೇವದೂತರ ಪಾಠವಿತ್ತು. ಕಾಲು ಮುರಿದರೂ ಪಾಠ ತಪ್ಪಿಸಬಾರದೆಂದು ದಿನಾ ಓದಿ ತಯಾರಾಗುತ್ತಿದ್ದರು.

"ನಿಮ್ಮ ದೇವದೂತರಿಗೆ ರೆಕ್ಕಿ ಎಷ್ಟರಿ, ಅಕ್ಕೋರ?" ಎಂದು ಬೇಸರ ಕಳೆಯಲು ಕೇಳಿದೆ.

"ರೆಕ್ಕಿ ಇದ್ದಾವರು ಬ್ಯಾರೆ, ಸುದ್ದಿ ತರಾವರು ಬ್ಯಾರೆ. ರೆಕ್ಕಿಯವರು ದೇವರ ಸಿಂಹಾಸನದ ಬಾಜೂಕ, ದೇವರು ಮೊದಲ ಮನಷ್ಯಾರನ್ನ ಇಟ್ಟಿದ್ದ ತ್ವಾಟದ ಬಾಗಲದಾಗ ಕಾಯಕೋತ ಇರ್ತಾರ. ಮನಷ್ಯಾರ ಕಡೆ ಬರಾವರು ಹೆಚ್ಚಾಗಿ ಮನಷ್ಯಾರಂಗನ ನಡಕೋತ ಬರ್ತಾರ. ದೇವದೂತ ಅನ್ನೂ ಮಾತಿನ ಅರ್ಥನ ಸುದ್ದಿ ತರಾಂವ ಅಂತ."

ಆಮೇಲೆ ದಿನಕ್ಕೊಂದು ಕಥೆ ಶುರುವಾಯಿತು. ಮೊದಲಿಗೆ, ಸುಡುಬಿಸಿಲಲ್ಲಿ ಮೂವರು ಅಪರಿಚಿತರು ಬಂದು ಮರದಡಿ ನಿಂತದ್ದು. ಅಬ್ರಹಾಮನೆಂಬ ಮುದುಕ ಓಡಿಹೋಗಿ ಕಾಲಿಗೆ ನೀರು ಕೊಟ್ಟು, ರೊಟ್ಟಿ ಮಾಡಿಸಿ, ಮೊಸರು ಹಾಲು ತಂದು, ಕರು ಕಡಿಸಿ ಅಡುಗೆ ಮಾಡಿಸಿ ಬಡಿಸಿದ. ಉಂಡ ಮೇಲೆಯೇ ಅವರು ಬಂದ ಕೆಲಸ ಹೇಳಿದ್ದು: ನಿನ್ನ ಮುದಿ ಹೆಂಡತಿಗೆ ಮಗ ಹುಟ್ಟುತ್ತಾನೆ. ಅವ್ವ ಮಜ್ಜಿಗೆ ಬಗ್ಗಿಸುತ್ತಾ ಕೇಳುತ್ತಿದ್ದವಳು, "ಖರೇನ ಜಂಗಮರು ಬಂದಂಗ ಆತಲ್ರಿ! ನಮ್ಮಲ್ಲೂ ಹಂಗs. ಮೊದಲ ಪ್ರಸಾದ, ಆಮ್ಯಾಲ ಮಾತು. ಯಾ ಊರು, ಏನ ಹೆಸರು ಅಂತ ಕೇಳಬಾರ್ದು," ಅಂದಳು.

"ಕರು ಒಂದ ಬಿಟ್ಟು," ಅಂದೆ ನಾನು. ಅಕ್ಕೋರು ನಗು ತಡೆಯಲು ಕನ್ನಡಕ ಒರೆಸಿಕೊಂಡರು. ಅಂದಿನಿಂದ ಅವರಿಗೆ ನನಗಿಂತ ಅವ್ವನೇ ಹೆಚ್ಚಾದಳು.

ಹಾಗರಳ ಕಥೆಗೆ ಮಾತ್ರ ನಾನು ಜಗಳಕ್ಕೇ ಬಿದ್ದೆ. ಅವಳು ಬಸುರಿ ದಾಸಿ. ಯಜಮಾನಿಯ ಕಾಟ ತಾಳದೆ ಕಾಡಿಗೆ ಓಡಿದ್ದಾಳೆ. ನೀರಿನ ಒರತೆಯ ಹತ್ತಿರ ದೇವದೂತ ಸಿಕ್ಕು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಎಲ್ಲಿಂದ ಎಂಬುದನ್ನು ಅವಳು ಹೇಳುತ್ತಾಳೆ. ಎಲ್ಲಿಗೆ ಎಂಬುದಕ್ಕೆ ಅವಳಲ್ಲಿ ಉತ್ತರವಿಲ್ಲ. ವಾಪಸ್ ಹೋಗು ಅನ್ನುತ್ತಾನೆ ಅವನು.

"ಇದ್ಯಾವ ದೇವದೂತರಿ? ಕಾಟ ಕೊಡಾಕಿ ಮನೀಗೇ ಹೋಗು ಅಂತಾನ?"

"ನಂಗೂ ಸಿಟ್ಟ ಐತಿ," ಅಂದರು ಅಕ್ಕೋರು, ಪುಸ್ತಕ ಮಡಚಿ. "ಇಷ್ಟ ವರ್ಷ ಕಲಿಸೇನಿ, ಇನ್ನೂ ಐತಿ. ಆದ್ರ ಅಲ್ಲಿತನಕ ಅಕಿ ಹೆಸರು ಹಿಡದ ಯಾರೂ ಕರದಿರಲಿಲ್ಲ, ತಿಳೀತೇನ? ಯಜಮಾನ್ರಿಗೆ ಬರೇ ದಾಸಿ. ಹೆಸರು ಹಿಡದ ಕರದಾಂವ ಅವ ಒಬ್ಬನ."

ಸಿಟ್ಟನ್ನು ಮುಚ್ಚಿಡದೆ ಅದೇ ಪುಸ್ತಕವನ್ನು ಇಷ್ಟು ವರ್ಷ ಕೈಯಲ್ಲಿ ಹಿಡಿದ ಆ ಹೆಂಗಸಿನ ಮೇಲೆ ನನಗೆ ಗೌರವ ಬಂತು.

ಎಲೀಯನೆಂಬ ಪ್ರವಾದಿ ಸಾಕಾಗಿ ಹೋಗಿ, ನನ್ನನ್ನು ಸಾಯಿಸಿಬಿಡು ದೇವರೇ ಎಂದು ಗಿಡದಡಿ ಮಲಗಿದ್ದನಂತೆ. ಬಂದ ದೇವದೂತ ಸಮಾಧಾನದ ಮಾತೇ ಆಡಲಿಲ್ಲ. ಮೈ ಮುಟ್ಟಿ ಎಬ್ಬಿಸಿದ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಏಳು, ತಿನ್ನು, ದಾರಿ ದೂರ ಇದೆ ಅಂದ. ಈ ದೇವದೂತ ನನಗೆ ಬಹಳ ಹಿಡಿಸಿದ.

"ಇವ್ರು ಯಾರೂ ಆರಾಮ ತಗೋ ಅಂತ ಹೇಳಾಂಗಿಲ್ಲಲ್ರಿ, ಅಕ್ಕೋರ."

"ಆರಾಮ ತಗೋ ಅಂತ ಹೇಳಾಕ ದೇವರು ಅಷ್ಟ ದೂರದಿಂದ ಆಳ ಕಳಸ್ತಾನೇನ? ಅದನ್ನ ಹೇಳಾಕ ಮೋಸಂಬಿ ತರಾವರು ಸಾಕು."

ಹೀಗೆ ನಮ್ಮ ದೋಸ್ತಿ ಗಟ್ಟಿಯಾಗಿದ್ದಾಗಲೇ ಯಾಕೋಬನ ಕಥೆ ಬಂತು. "ನಿನ್ನ ಕೀಲs ನಮ್ಮ ಪುಸ್ತಕದಾಗೂ ಐತಿ, ಕೇಳು," ಎಂದು ಅಕ್ಕೋರು ಮುತುವರ್ಜಿಯಿಂದ ಓದಿದರು. ಅಣ್ಣನಿಗೆ ಮೋಸ ಮಾಡಿ ಓಡಿಹೋಗಿದ್ದ ಯಾಕೋಬ ಎಷ್ಟೋ ವರ್ಷದ ಮೇಲೆ ಮರಳಿ ಬರುತ್ತಿದ್ದಾನೆ. ಅಣ್ಣ ದಂಡು ಕಟ್ಟಿಕೊಂಡು ಎದುರಿಗೆ ಬರುತ್ತಿದ್ದಾನೆಂದು ಗೊತ್ತಾಗಿದೆ. ಆ ರಾತ್ರಿ ಹೊಳೆಯ ದಂಡೆಯಲ್ಲಿ ಅವನೊಬ್ಬನೇ ಉಳಿದಾಗ ಯಾರೋ ಬಂದು ಬೆಳಗಾಗುವವರೆಗೂ ಅವನ ಜೊತೆ ಕುಸ್ತಿ ಹಿಡಿದ. ಕಥೆಯಲ್ಲಿ ಅವನು ಬರೀ 'ಒಬ್ಬ ಮನುಷ್ಯ'. ಮುಂದೆ ಒಬ್ಬ ಪ್ರವಾದಿ ಅವನನ್ನು ದೇವದೂತ ಅನ್ನುತ್ತಾನೆ. ಗೆಲ್ಲಲಾಗದ್ದನ್ನು ಕಂಡು ಆ ಮನುಷ್ಯ ಯಾಕೋಬನ ತೊಡೆಯ ಕೀಲು ಮುಟ್ಟಿ ತಪ್ಪಿಸಿದ. ಆಮೇಲೆ, ಬೆಳಕು ಹರಿಯುತ್ತಿದೆ, ನನ್ನನ್ನು ಬಿಟ್ಟುಬಿಡು ಅಂದ. ಆಶೀರ್ವಾದ ಮಾಡದ ಹೊರತು ಬಿಡೆನೆಂದು ಯಾಕೋಬ ಹಿಡಿದೇ ನಿಂತ.

ನಾನು ನಕ್ಕಿದ್ದು ಇಲ್ಲಿಯೇ. ಕಣದಲ್ಲಿ ಬಿಟ್ಟುಬಿಡು ಅಂದವನು ಸೋತವನು. ಇದು ಮೂಡಲಗಿಯ ಸಣ್ಣ ಕೂಸಿಗೂ ಗೊತ್ತು. "ನಿಮ್ಮ ದೇವದೂತ ಸೋತಾನ್ರಿ! ಅದೂ ಕೀಲಿಗೆ ಕೈ ಹಾಕಿ! ನಮ್ಮ ಕಣದಾಗ ಆಗಿದ್ರ ಎಬ್ಬಿಸಿ ಹೊರಗ ಕಳಸ್ತಿದ್ರು," ಅಂದೆ. ಅಕ್ಕೋರು ಪುಸ್ತಕ ಮುಚ್ಚಿ ಗೋಡೆಯ ಕಡೆ ತಿರುಗಿದರು.

ಮರುದಿನ ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಒಂದೇ ಮಾತು ಕೇಳಿದರು: "ಗೆದ್ದಾಂವ ಯಾಕ ಕುಂಟಕೋತ ಹ್ವಾದ? ಹೇಳು ಹಂಗಾರ, ಪೈಲವಾನಿ."

ವಾಕರ್ ಹಿಡಿದು ಕಾರಿಡಾರಿನಲ್ಲಿ ಹೆಜ್ಜೆ ಹಾಕುವಾಗಲೂ ಅದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ನೋವಿಗೆ ಹಲ್ಲು ಕಚ್ಚಿ ನಿಂತ ಒಂದು ಬೆಳಿಗ್ಗೆ ಅಪ್ಪನ ನೆನಪಾಯಿತು. ಮನಸ್ಸು ಮಾಡಿದ್ದರೆ ಅಪ್ಪ ನನ್ನನ್ನು ಕಣ್ಣು ಮಿಟುಕಿಸುವುದರೊಳಗೆ ಚಿತ್ ಮಾಡಬಹುದಿತ್ತು. ಒಮ್ಮೆಯೂ ಮಾಡಲಿಲ್ಲ. ನನ್ನಲ್ಲಿ ಎಷ್ಟು ಬಲವಿತ್ತೋ ಅಷ್ಟೇ ಬಲ ಹಾಕುತ್ತಿದ್ದರು, ಅದಕ್ಕಿಂತ ಒಂದು ಚೂರು ಹೆಚ್ಚು. ಬೆವರು ಮಣ್ಣಾಗುವವರೆಗೆ ಹಿಡಿಸಿ, ಕಿಟಕಿಯಲ್ಲಿ ಬಿಸಿಲು ಬಂದಾಗ, ಸಾಕು ಬಿಡು, ಬೆಳಕಾತು ಅನ್ನುತ್ತಿದ್ದರು. ಅದು ಸೋತವರ ಮಾತಾಗಿರಲಿಲ್ಲ.

ವಾರ್ಡಿಗೆ ಮರಳಿ ಹೇಳಿದೆ: "ಅಕ್ಕೋರ, ನಾ ತಪ್ಪ ತಿಳದಿದ್ದೆ. ಅದು ಕಣದ ಕುಸ್ತಿ ಅಲ್ರಿ, ಕಲಿಸೂ ಕುಸ್ತಿ. ಅಂವ ವಸ್ತಾದ. ಮರುದಿನ ಖರೇ ಎದುರಾಳಿ ಬರೂದಿತ್ತಲ್ಲ, ಅಣ್ಣ, ಅದಕ್ಕ ತಯಾರ ಮಾಡಾಕ ಬಂದಿದ್ದ."

"ಕೀಲ ಯಾಕ ತಪ್ಪಿಸಿದ?"

"ಅದು ಗೊತ್ತಿಲ್ರಿ. ಮುಂದ ಏನಾತು ಓದ್ರಿ."

ಓದಿದರು. ಆಶೀರ್ವಾದ ಸಿಕ್ಕಿತು, ಯಾಕೋಬ ಕುಂಟುತ್ತಾ ಹೊರಟ. ಕುಸ್ತಿಯ ಹಿಂದಿನ ದಿನ ಅವನು ಅಣ್ಣನಿಗೆ ಕಾಣಿಕೆಯ ದನಕುರಿಗಳನ್ನೂ ಆಳುಗಳನ್ನೂ ಮುಂದೆ ಕಳಿಸಿ ತಾನು ಎಲ್ಲರ ಹಿಂದೆ ಉಳಿದಿದ್ದ. ಕುಸ್ತಿಯ ಮರುದಿನ ಹೆಂಡಿರು ಮಕ್ಕಳನ್ನು ಹಿಂದೆ ಬಿಟ್ಟು ತಾನೇ ಎಲ್ಲರಿಗಿಂತ ಮುಂದೆ ನಡೆದ. ಅಕ್ಕೋರು ಅಲ್ಲಿ ನಿಂತರು. ಬೆರಳನ್ನು ಹಿಂದಿನ ಪುಟಕ್ಕೆ ಒಯ್ದರು, ಮತ್ತೆ ಮುಂದಕ್ಕೆ ತಂದರು.

"ಹುಟ್ಟಾ ಓಡಕೋತನ ಬಂದಾಂವ," ಅಂದರು ನಿಧಾನಕ್ಕೆ. "ಅಣ್ಣನ ಕಡಿಂದ ಓಡಿದ, ಮಾವನ ಮನಿಂದ ಓಡಿದ. ಇನ್ನ ಓಡಾಕ ಬರಾಂಗಿಲ್ಲ." ಆಮೇಲೆ ಗದರಿದರು: "ಆದ್ರೂ ನಮ್ಮ ದೇವದೂತನ್ನ ನಿಮ್ಮ ಗರಡ್ಯಾಗ ಕೆಲಸಕ್ಕ ಇಟಗೋಬ್ಯಾಡ."

ಮನೆಗೆ ಬಂದು ತಿಂಗಳುಗಳು ಕಳೆದವು. ವಾಕರ್ ಬಿಟ್ಟು ಕೋಲಿಗೆ ಬಂದೆ. ಡಾಕ್ಟರು ಹೇಳಿದ ವ್ಯಾಯಾಮವನ್ನು ಅಪ್ಪನ ತಾಲೀಮಿನಷ್ಟೇ ಚೊಕ್ಕವಾಗಿ ಮಾಡಿದೆ. ಕುಂಟು ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಗರಡಿಯಲ್ಲಿ ಸಭೆ ಕರೆದರು. ಹುಡುಗಿಯರ ಹೊತ್ತನ್ನು ಕಾಯಂ ಆಗಿ ಗಂಡುಹುಡುಗರಿಗೆ ಕೊಡುವ ಮಾತಿತ್ತು. "ನೀ ಮನ್ಯಾಗಿರು, ನಾ ಹೋಗಿ ಮಾತಾಡ್ತೇನಿ," ಎಂದ ನನ್ನ ತಮ್ಮ. ನಾನು ಹೂಂ ಅಂದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ? ಗಂಡಸರನ್ನೇ ಎದುರು ಹಾಕಿಕೊಂಡು ತೊಡೆ ತಟ್ಟಿ ನಿಂತಿದ್ದ ಊರಿನಲ್ಲಿ ಕುಂಟುತ್ತಾ ಹೋಗಿ ನಿಲ್ಲುವುದು ನನ್ನಿಂದಾಗದು ಅನ್ನಿಸಿತ್ತು. ತಮ್ಮ ಹೊಸ್ತಿಲು ದಾಟಿದ. ಅವನ ಬೆನ್ನು ನೋಡುತ್ತಿದ್ದಂತೆ ನನ್ನ ಮೇಲೆ ನನಗೇ ಅಸಹ್ಯ ಬಂತು. ಚಪ್ಪಲಿ ಮೆಟ್ಟಿ, ಕೋಲು ಹಿಡಿದು ಹೊರಟೆ. ಓಣಿಯ ತಿರುವಿನಲ್ಲಿ ಯಾರ ಜೊತೆಗೋ ಮಾತಿಗೆ ನಿಂತಿದ್ದ ಅವನನ್ನು ಹಿಂದೆ ಹಾಕಿದೆ.

ಕಣದ ಮಣ್ಣಿಗೆ ಚಪ್ಪಲಿಯೂ ಇಲ್ಲ, ಕೋಲೂ ಇಲ್ಲ. ಅದು ಅಪ್ಪನ ಕಾಲದಿಂದ ಬಂದ ಶಿಸ್ತು. ಎರಡನ್ನೂ ಬಾಗಿಲಲ್ಲಿ ಬಿಟ್ಟೆ. ಕಟ್ಟೆಯ ಮೇಲೆ ಹಿರಿಯರು, ಗೋಡೆಗೆ ತಾಯಂದಿರು, ಮೂಲೆಯಲ್ಲಿ ಹುಡುಗಿಯರು. ಒಂದೊಂದೇ ಹೆಜ್ಜೆ ಇಟ್ಟು ಕಣದ ನಡುವೆ ಹೋಗಿ ನಿಂತೆ.

"ಕುಂಟಕೋತ ಹೆಂಗ ಕಲಸ್ತಿ, ತಂಗಿ?" ಅಂದರು ಹಿರಿಯರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಬಾಯಿಲೆ ಕಲಸ್ತೇನ್ರಿ, ಕೈಲೆ ಕಲಸ್ತೇನಿ. ಕಾಲ ಅವ್ರವು ಅವ್ರಿಗೆ ಅದಾವಲ್ರಿ."

ಕೌಜಲಗಿಯಿಂದ ಬಂದಿದ್ದ ಒಬ್ಬ ತಾಯಿ ಎದ್ದಳು. ಅವಳ ಮಗಳೇ ನನ್ನ ಗರಡಿಯ ಗಟ್ಟಿ ಹುಡುಗಿ. "ಸಿಟ್ಟಿಗೇಳಬ್ಯಾಡ್ರಿ. ನಿಮ್ಮನ್ನ ನೋಡಿ ಹೆದರಿಕಿ ಬರತೈತಿ. ನಾಳೆ ನಮ್ಮ ಹುಡಿಗೀದು ಹಿಂಗ ಮುರದ್ರ?"

ನನ್ನದು ಮುರಿದದ್ದು ಕಣದಲ್ಲಿ ಅಲ್ಲ, ಹೈವೇಯಲ್ಲಿ ಎಂದು ಹೇಳಬಹುದಿತ್ತು. ನಿಮ್ಮ ಮಗಳಿಗೆ ಏನೂ ಆಗುವುದಿಲ್ಲ ಎಂದೂ ಹೇಳಬಹುದಿತ್ತು. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ.

"ಮುರೀಬಹುದವ್ವಾ," ಅಂದೆ. "ಇಲ್ಲೂ ಮುರೀಬಹುದು, ರಸ್ತೇದಾಗೂ ಮುರೀಬಹುದು, ಕೊಟ್ಟ ಮನ್ಯಾಗೂ ಮುರೀಬಹುದು. ಮುರದ ಮ್ಯಾಲೆ ಹೆಂಗ ಏಳೂದು ಅನ್ನೂದು ಮೊದಲ ನಂಗ ಗೊತ್ತಿರಲಿಲ್ಲ. ಈಗ ಗೊತ್ತೈತಿ. ಅದನ್ನೂ ಕಲಸ್ತೇನಿ."

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಹಿರಿಯರ ಕಡೆ ನೋಡದೆ ನೇರ ನನ್ನನ್ನೇ ಕೇಳಿದಳು: "ನಾಳೆ ಎಷ್ಟೊತ್ತಿಗೆ ಕಳಸ್ಲಿ?"

"ನಾಳೆ ಯಾಕ? ಈಗ ಕಳಸ್ರಿ."

ಹುಡುಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಒಳಗಿಳಿದಳು. ಅವಳ ಹಿಂದೆ ಮತ್ತೊಬ್ಬಳು, ಮಗುದೊಬ್ಬಳು. ಎದುರಿಗೆ ಬಂದು ನಿಂತವರು ನನ್ನ ಕಾಲು ನೋಡಬಾರದೆಂದು ಕಣ್ಣನ್ನು ಅತ್ತಿತ್ತ ಹೊರಳಿಸುತ್ತಿದ್ದರು. ನಾನು ಕೈ ಎತ್ತಿ ಎಡದ ತೊಡೆಯನ್ನೇ ತಟ್ಟಿದೆ, ಗರಡಿಯ ತಗಡಿನ ಚಾವಣಿ ಗುಂಯ್‌ಗುಟ್ಟುವಂತೆ. ಜೀವ ಹೋಗುವಷ್ಟು ನೋವಾಯಿತು. ಹುಡುಗಿಯರು ತಲೆ ಎತ್ತಿ ಸರಿಯಾಗಿ ನನ್ನ ಕಾಲನ್ನೇ ನೋಡಿದರು, ಆಮೇಲೆ ಒಬ್ಬೊಬ್ಬಳಾಗಿ ತೊಡೆ ತಟ್ಟಿದರು.