ಬಾಲಮ್ಮನ ಅಪ್ಪ

ಕಕ್ಕೇರಾದ ಮಾಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಹೇಳಲಿ. ಆ ಸಿಟ್ಟು ಎಲ್ಲಿ ಹುಟ್ಟಿತು ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ. ಅದು ಹುಟ್ಟಿದ್ದು ಸುರಪುರದ ಒಂದು ಬೇವಿನ ಮರದ ಕೆಳಗೆ, ಒಂದು ಅರ್ಜಿಯ ಕಾಗದದ ಮೇಲೆ.

ನಿಜಾಮನ ಆಳಿಕೆ ಹೋಗಿ ಏಳು ವರ್ಷವಾಗಿತ್ತು. ಮಾಳಮ್ಮನ ಗಂಡ ಹುಲಗಪ್ಪ ತನ್ನ ಪಾಲಿನ ನಲವತ್ತು ಕುರಿಗಳನ್ನು ತಮ್ಮ ಬಸವಂತರಾಯನಿಗೆ ಒಪ್ಪಿಸಿ, ಊರಿನ ಅಂಬ್ರಪ್ಪನ ಜೋಡಿ ಗೋವಾದ ಬಂದರಿಗೆ ಅದಿರು ಹೊರಲು ಹೋದ. ಗೋವಾ ಆಗ ಪೋರ್ತುಗೀಸರ ಕೈಯಲ್ಲಿತ್ತು. ಅದು ಬೇರೆಯೇ ದೇಶ. ಅದನ್ನು ಬಿಡಿಸಿಕೊಳ್ಳಲು ಆಗಸ್ಟ್ ತಿಂಗಳಲ್ಲಿ ಸಾವಿರಾರು ಮಂದಿ ಧ್ವಜ ಹಿಡಿದು ಗಡಿ ದಾಟಿದರು. ಅದೇ ದಿನ ಇವರಿಬ್ಬರೂ ಊರಿಗೆ ಬರಲು ಹೊರಟಿದ್ದರು. ಅಂಬ್ರಪ್ಪ ಕಾಡು ಬಿದ್ದು ತಪ್ಪಿಸಿಕೊಂಡ. ಹುಲಗಪ್ಪ ಸಿಕ್ಕಿಬಿದ್ದ. ಅವನ ಹೆಗಲ ಮೇಲಿದ್ದದ್ದು ಧ್ವಜವಲ್ಲ, ಕಂಬಳಿ. ಆದರೆ ಅಲ್ಲಿಯ ಪೊಲೀಸರಿಗೆ ಅದನ್ನು ಯಾರು ಹೇಳಬೇಕು?

"ಜೇಲಿಗಿ ಹಾಕ್ಯಾರವ್ವ. ಸಮುದ್ರದ ದಂಡಿ ಮ್ಯಾಲಿನ ಕ್ವಾಟಿ ಅದು," ಎಂದ ಊರು ಸೇರಿದ ಅಂಬ್ರಪ್ಪ ಮಾಳಮ್ಮನಿಗೆ, ಜ್ವರದಲ್ಲಿ ನಡುಗುತ್ತ. ಅಷ್ಟು ಹೇಳಿ ಹಾಸಿಗೆ ಹಿಡಿದ.

ಬಸವಂತರಾಯ ಕುರಿ ಹೊಡೆದುಕೊಂಡು ಹೊಳೆಯ ಆಚೆ ಹೋಗಿದ್ದ. ಮಾಳಮ್ಮ ಒಬ್ಬಳೇ ಸುರಪುರದ ದಾರಿ ಹಿಡಿದಳು. ಕಂಕುಳಲ್ಲಿ ಮಗಳು ಬಾಲಮ್ಮ, ತಲೆಯ ಮೇಲೆ ಗಂಟು. ಗಂಟಿನಲ್ಲಿ ತಾನೇ ಉಣ್ಣೆ ನೂತು ನೇಯಿಸಿದ ಹೊಸ ಕಂಬಳಿ, ಅದರೊಳಗೆ ಒಣಗಿಸಿದ ಸಜ್ಜೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಗೋವಾದವರ ಕೂಡ ನಮ್ಮ ಸರ್ಕಾರ ಮಾತು ಬಿಟ್ಟಿತ್ತು; ಕಾಗದವಾಗಲಿ ಗಂಟಾಗಲಿ ಮತ್ಯಾವುದೋ ದೇಶದವರ ಕೈ ದಾಟಿಯೇ ಹೋಗಬೇಕು. ಅದಕ್ಕೆ ಅರ್ಜಿ ಬೇಕು.

ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಭಗವಂತರಾಯ ಕೂತಿದ್ದ. ನಿಜಾಮ ಹೋದರೂ ಅವನ ಲೇಖಣಿಯಿಂದ ಉರ್ದು ಹೋಗಿರಲಿಲ್ಲ.

"ಕೈದಿ ಹೆಸರೇನು?"

ಮಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆ ಆಗುತ್ತದೆ ಎಂದು ತಾಯಿ ಹೇಳಿದ್ದಳು, ಅತ್ತೆ ಹೇಳಿದ್ದಳು. ಮದುವೆಯ ದಿನ ಹೆಣ್ಣುಮಕ್ಕಳು ಕಾಡಿದಾಗ ಪ್ರಾಸದ ಮಾತಿನ ಒಡಪು ಕಟ್ಟಿ ಒಮ್ಮೆ ಹೇಳಿದ್ದಷ್ಟೇ. ಈಗ ಅವನು ಸಾವಿನ ಬಾಯಲ್ಲಿ ಕೂತಿರುವಾಗ ಹೇಳುವುದೇ?

"ಬಾಲಮ್ಮನ ಅಪ್ಪರಿ," ಎಂದಳು.

"ಆಂ?"

"ಬಾಲಮ್ಮನಪ್ಪ."

ಅವನು ಬರೆದ. "ಹೆಬ್ಬಟ್ಟು ಒತ್ತು," ಎಂದ. ಗಂಟಿನ ಬಟ್ಟೆಯ ಮೇಲೂ ಅದನ್ನೇ ಬರೆದ. ಓದಿ ಹೇಳು ಎಂದು ಅವಳು ಕೇಳಲಿಲ್ಲ, ಓದಿ ಹೇಳುವ ರೂಢಿ ಅವನಿಗಿರಲಿಲ್ಲ.

ಒಂಬತ್ತು ತಿಂಗಳ ಮೇಲೆ ಜವಾಬು ಬಂತು. ಜೊತೆಗೆ ಗಂಟೂ ವಾಪಸ್ ಬಂತು.

"ಅಂಥಾ ಕೈದಿ ನಮ್ಮಲ್ಲಿಲ್ಲ ಅಂತ ಬರದಾರ," ಎಂದ ಭಗವಂತರಾಯ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ. "ಹೋಗು ತಾಯಿ, ದೇವರ ಮ್ಯಾಲ ಭಾರ ಹಾಕು."

ಮನೆಗೆ ತಂದು ಬಿಚ್ಚಿದರೆ ರೊಟ್ಟಿಯೆಲ್ಲ ಹುಳ ಹಿಡಿದು ಪುಡಿಯಾಗಿತ್ತು. ಅವಳು ಆ ಪುಡಿಯನ್ನು ಮೊರದಲ್ಲಿ ಸುರುವಿಕೊಂಡು ಅತ್ತಳು. ಆದರೆ ಅಳುವುದಕ್ಕೂ ಬಿಡಬೇಕಲ್ಲ, ಮೈದುನ ಬಸವಂತರಾಯ ಬಂದು ಕಟ್ಟೆಯ ಮೇಲೆ ಕೂತ.

"ಜೇಲಿನಾಗ ಇಲ್ಲಂದ್ರ ಮತ್ತೆಲ್ಲದಾನ ಅತ್ತಿಗಿ? ಬಳಿ ಒಡಿ. ದಿವಸ ಮಾಡಿ ಮುಗಿಸಿಬಿಡೂಣು."

ಅಣ್ಣ ಸತ್ತನೆಂದು ಊರು ಒಪ್ಪಿದರೆ ನಲವತ್ತು ಕುರಿ ಅವನವೇ. ಆ ಲೆಕ್ಕ ಮಾಳಮ್ಮನಿಗೆ ತಿಳಿಯದ್ದೇನಲ್ಲ.

"ಕೈ ಮುಟ್ಟಿ ನೋಡಲೇ ಭಾಡ್ಯಾ! ನನ್ನ ಬಳಿ ಒಡಿಯೂಕಿಂತ ಮೊದಲ ನಿನ್ನ ಹಲ್ಲು ಉದುರ್ತಾವ!"

ಮರುದಿನವೇ ಬಳೆಗಾರನನ್ನು ಕರೆದು ಎರಡೂ ಕೈತುಂಬ ಹಸಿರು ಬಳೆ ಹೆಚ್ಚಿಗೆ ಇಡಿಸಿಕೊಂಡಳು. ನೀರಿಗೆ ಹೋದಲ್ಲಿ ಹೆಂಗಸರು ಗುಸುಗುಸು ಎಂದರೆ ಬೇಕಂತಲೇ ಬಳೆ ಕುಲುಕಿಸುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೆಲ್ಲ ಒಂದಾದರು ಎಂದು ಯಾರೋ ಭಾಷಣ ಮಾಡಿ ಪೇಢೆ ಹಂಚಿದರು. "ನಮ್ಮ ಮನಿ ಮೂರು ಮಂದಿ ಒಂದಾದ ಮ್ಯಾಲ ತಿಂತೀನಿ, ತಗೊಂಡು ಹೋಗ್ರಿ," ಎಂದಳು ಮಾಳಮ್ಮ.

ಅದೇ ವಾರ ಶಹಾಪುರದಿಂದ ಕಂಬಳಿ ಕೊಳ್ಳಲು ಅಮೀನುದ್ದೀನ ಬಂದ. ಮೂಲೆಯಲ್ಲಿದ್ದ ಗಂಟನ್ನು ನೋಡಿ ಕೈ ಹಾಕಿದ.

"ಅದು ಮಾರೂದಲ್ರಿ."

"ಹೌದಾ? ಬಾಲಪ್ಪಗ ಕಳಿಸೂದೇನವ್ವ?"

"ಯಾವ ಬಾಲಪ್ಪ?"

"ಇಲ್ಲಿ ಉರ್ದುದಾಗ ಬರದದಲ್ಲ. ಕೈದಿ ಬಾಲಪ್ಪ ಅಂತ."

ಮಾಳಮ್ಮ ಇದ್ದಲ್ಲೇ ಕೂತಳು. ಬಾಲಮ್ಮನಪ್ಪ. ಬಾಲಪ್ಪ. ಅಯ್ಯೋ ನನ್ನ ಹಾಳು ಬಾಯೇ! ಒಂಬತ್ತು ತಿಂಗಳು ಅರ್ಜಿ ಹುಡುಕಿದ್ದು ಹುಟ್ಟದೇ ಇದ್ದವನನ್ನು. ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಗಂಟು ಹೊತ್ತು, ಆಗಲೇ ಹೊರಟಳು. ದಾರಿಯುದ್ದಕ್ಕೂ ಅರ್ಧ ಬೈಗುಳ ಭಗವಂತರಾಯನಿಗೆ, ಅರ್ಧ ತನಗೇ.

ಬೇವಿನ ಮರದ ಕೆಳಗೆ ಹತ್ತಿಪ್ಪತ್ತು ಮಂದಿ ಗಂಡಸರಿದ್ದರು. ಅವಳು ಗಂಟನ್ನು ಭಗವಂತರಾಯನ ಕಾಗದಗಳ ಮೇಲೇ ಎಸೆದಳು.

"ಬಾಲಪ್ಪ ಯಾರೋ? ನಿಮ್ಮಪ್ಪನೇನು?"

ಅವನು ತಡವರಿಸಿದ. ಆಮೇಲೆ, ಮಂದಿ ನೋಡುತ್ತಿದ್ದಾರಲ್ಲ, ಹಲ್ಲು ಕಿರಿದ. "ನೀ ಹೇಳಿದ್ದ ಬರದೀನವ್ವ. ಮತ್ತೇನದ ನಿನ್ನ ಗಂಡನ ಹೆಸರು? ನಾಚಿಕಿ ಬಂದ್ರ ಒಡಪು ಕಟ್ಟಿ ಹೇಳು, ಎಲ್ಲಾರೂ ಕೇಳ್ತಾರ."

ಮಂದಿ ನಕ್ಕರು. ಮಾಳಮ್ಮ ತಲೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹುಲಗಪ್ಪ!"

ನಗು ನಿಂತಿತು.

"ಕೇಳಿಸ್ತೇನು? ಹುಲಗಪ್ಪ! ಕಕ್ಕೇರಾ ಹುಲಗಪ್ಪ! ಹೆಸರು ಹೇಳಲಾರದಕ್ಕ ಒಂದು ವರ್ಷ ಹ್ವಾತು. ಹೇಳಿದ್ದಕ್ಕ ಏನು ಹೋಗ್ತದ ನೋಡೇ ಬಿಡ್ತೀನಿ. ಬರಿ, ಕನ್ನಡದಾಗ ಬರಿ!"

ಅವನು ಬರೆದ. ಆ ಕಾಗದವನ್ನು ಅವಳು ಅಲ್ಲಿದ್ದ ಮೂವರ ಹತ್ತಿರ ಓದಿಸಿದಳು. ಮೂವರೂ ಹುಲಗಪ್ಪ ಎಂದ ಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಈ ಸಲ ಅರ್ಜಿಯನ್ನಷ್ಟೇ ಕಳಿಸಿ, ಗಂಟನ್ನು ತಿರುಗಿ ಹೊತ್ತು ಹೊರಟಳು. ದಾರಿಯಲ್ಲಿ ಮಾತ್ರ, ಹೆಸರು ಹೇಳಿಬಿಟ್ಟೆ, ಅವನ ಆಯುಷ್ಯ ನಾನೇ ಕಡಿದೆನೋ ಏನೋ ಎಂದು ಹೆದರಿದಳು. ಆ ಹೆದರಿಕೆ ನಾಲ್ಕು ತಿಂಗಳು ಅವಳ ನಿದ್ದೆ ತಿಂದಿತು.

ಶಿವರಾತ್ರಿಯ ಆಸುಪಾಸು ಕೈದಿಗಳನ್ನು ಬಿಟ್ಟರು. ಪಟ್ಟಿಯಲ್ಲಿ ಹುಲಗಪ್ಪನ ಹೆಸರಿತ್ತು. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಅವನು ಮನೆಗೆ ಬಂದಾಗ ಬಾಲಮ್ಮ ಅಪ್ಪನ ಗುರುತು ಸಿಗದೆ ತಾಯಿಯ ಹಿಂದೆ ಅವಿತಳು. ಅಷ್ಟು ಸೊರಗಿದ್ದ.

ಮಾಳಮ್ಮ ಬಿಸಿ ರೊಟ್ಟಿ ಬಡಿದು ನೀಡಿದಳು. ಎರಡು ತುತ್ತು ತಿಂದು ಅವನು ತಟ್ಟೆ ಸರಿಸಿದ.

"ಹ್ವಾದ ಬ್ಯಾಸಿಗ್ಯಾಗ ಜೇಲಿನಾಗ ಮೂರು ದಿನ ಕೂಗಿದ್ರು," ಎಂದ. "ಬಾಲಪ್ಪ ಯಾರು, ಬಾಲಪ್ಪ, ಮನಿಯಿಂದ ಗಂಟು ಬಂದದ ಅಂತ. ಯಾರೂ ಓ ಅನ್ನಲಿಲ್ಲ. ಯಾವ ಪುಣ್ಯವಂತನೋ, ಅವನ್ನ ನೆನಸೂವ್ರು ಅದಾರ, ನನಗ ಯಾರೂ ಇಲ್ಲ ಅಂತ ಗ್ವಾಡಿಗಿ ಮುಖ ಮಾಡಿ ಅತ್ತೆ."

ಮಾಳಮ್ಮನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಎದ್ದಳು. ಮೂಲೆಯಲ್ಲಿದ್ದ ಕಂಬಳಿಯನ್ನು ತಂದು ಅವನ ಮಡಿಲಿಗೆ ಎಸೆದಳು. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ.

"ಹುಲಗಪ್ಪ!"

ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿ ಅವನು ಬೆಚ್ಚಿಬಿದ್ದ.

"ಹುಲಗಪ್ಪ, ಗಂಟು ಬಂದದ. ಓ ಅನ್ನು!"

"ಓ," ಎಂದ ಅವನು.