ಒದ್ದೆ ಪರದೆ

ಡೇರೆ ಸಿನಿಮಾದ ಯಜಮಾನ ಎಂದರೆ ನನಗೆ ಮೊದಲು ನೆನಪಾಗುವುದು ಆತನ ಒದ್ದೆ ಅಂಗಿಯ ತೋಳು. ವರ್ಷಕ್ಕೊಮ್ಮೆ ಡೇರೆ, ಯಂತ್ರಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ನಾಗಮಂಗಲಕ್ಕೆ ಬರುತ್ತಿದ್ದ. ಗಂಡಸರು ಪರದೆಯ ಮುಂದೆ ಕೂರುವರು, ನಾವು ಹೆಂಗಸರು ಹಿಂದೆ. ಬಟ್ಟೆ ನೆನೆದರೆ ಚಿತ್ರ ನಮ್ಮ ಕಡೆಗೂ ಹಾಯುತ್ತದೆಂದು ಆಟಕ್ಕೆ ಮುಂಚೆ ತಾನೇ ಏಣಿ ಹತ್ತಿ ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದ. ಚಿತ್ರ ಮೂಡಿದ ಕೂಡಲೇ ಇಣುಕಿ, "ಹಿಂದ್ಲೋರ್ಗೂ ಕಾಣ್ತದೇನ್ರವ್ವಾ?" ಎನ್ನುವನು. ಕಾಣುತ್ತದೆ ಎಂದಮೇಲೆಯೇ ಪಕ್ಕದಲ್ಲಿ ನಿಂತು ಆ ಮೂಕಿಚಿತ್ರದ ಕಥೆ ಹೇಳಲು ತೊಡಗುವನು.

ಒಂದು ವರ್ಷ ಮಾತಾಡುವ ಚಿತ್ರ ತಂದ. ಊರಿಗೆ ಊರೇ ನೆರೆಯಿತು. ಧ್ವನಿಯ ಪೆಟ್ಟಿಗೆಯನ್ನು ಪರದೆಯ ಬುಡದಲ್ಲಿ, ನಮ್ಮ ಕಡೆ ಇಟ್ಟಿದ್ದರು. ಆತ ಎಂದಿನಂತೆ ಏಣಿ ಹತ್ತಿ ನೀರು ಹೊಯ್ದ. ನೀರು ಇಳಿದು ಪೆಟ್ಟಿಗೆಯೊಳಕ್ಕೆ ಹೋಯಿತು. ಪರದೆಯ ಮೇಲೆ ರಾಣಿ ಬಾಯಿ ತೆರೆದಳು, ಎರಡು ಮಾತಾಡಿದಳು. ಪೆಟ್ಟಿಗೆ ಗೊರಗೊರ ಎಂದು ಸುಮ್ಮನಾಯಿತು. ಆಕೆಯ ಬಾಯಿ ಮಾತ್ರ ಆಡುತ್ತಲೇ ಇತ್ತು.

ಆತ ಓಡಿಬಂದು ಮೊದಲಿನ ಹಾಗೆ ಕಥೆ ಹೇಳತೊಡಗಿದ.

"ನೀನ್ ಸುಮ್ಕಿರಯ್ಯ, ಅವ್ಳು ಮಾತಾಡ್ಲಿ" ಎಂದರು ಮುಂದಿನಿಂದ ಯಾರೋ.

ಆತ ಸುಮ್ಮನಾದ. ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಆತನನ್ನು ನಾನು ಕೊನೆಯ ಸಲ ನೋಡಿದ್ದು ಮಾರನೆಯ ಬೆಳಿಗ್ಗೆ, ನೀರಿಗೆ ಹೋಗುವಾಗ. ಆಳುಗಳು ಡೇರೆ ಬಿಚ್ಚುತ್ತಿದ್ದರು. ಆತ ಇನ್ನೂ ಒಣಗದ ಪರದೆಯನ್ನು ಮಡಿಸುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ.

"ಹಿಂದ್ಲೋರ್ಗೆ ಕಾಣ್ತಿತ್ತಲ್ವಾ, ತಾಯಿ?"

"ಚೆನ್ನಾಗ್ ಕಾಣ್ತಿತ್ತು ಕಣಣ್ಣ" ಎಂದೆ.