ದೀಪದ ಸುತ್ತಲ ಬಳೆಯನ್ನು ತೆಳ್ಳಗಾಗಿಸುವವಳು

ಬಸವೇಶ್ವರನಗರದ ಅಡ್ಡರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ವ್ಯಾನು ಆಗಲೇ ಬಂದು ಹೋಗಿದೆ. ಬ್ಯಾಗನ್ನು ಎದೆಗವಚಿಕೊಂಡು ಗೇಟಿನ ಮುಂದೆ ನಿಂತ ಚೇತನಾಳಿಗೆ ಒಂದು ಸಣ್ಣ ಅಳುಕು. ಯಾರಿಗೂ ಹೇಳಿಲ್ಲ, ತನಗೆ ತಾನೇ ಒಪ್ಪಿಕೊಂಡಿದ್ದಾಳೆ ಅಷ್ಟೆ: ಈ ಮನೆಯ ಕಾಫಿ ಇಷ್ಟು ಸಲ ಕುಡಿದಾಯಿತು, ಆದರೂ ಯಶೋದಮ್ಮನವರ ಕಣ್ಣೊಳಗಿನ ಲೆನ್ಸು ತನ್ನದೇ ವಿನ್ಯಾಸ ಎಂದು ಹೇಳಲು ಬಾಯಿ ಬಂದಿಲ್ಲ.

ಗೇಟು ಕಿರ್ರೆನ್ನುತ್ತದೆ. "ಬಂದ್ಯಾ? ಬೆಲ್ ಮಾಡೋಕೂ ನಾಚಿಕೆನಾ ನಿಂಗೆ? ನಾಳೆ ಗಂಡನ ಮನೇಲಿ ಏನ್ ಮಾಡ್ತೀಯೋ!" ಎನ್ನುತ್ತಾ ಯಶೋದಮ್ಮ ಹೊರಬರುತ್ತಾರೆ. ಕೈಯಲ್ಲಿ ಸ್ಕೂಟರಿನ ಕೀ. ಮನೆಯ ಕೆಳಭಾಗದಲ್ಲಿ ಅವರದೊಂದು ಪುಟ್ಟ ಮೆಸ್ಸು. ಅಕ್ಕಪಕ್ಕದ ಬಾಡಿಗೆ ಕೋಣೆಗಳ ಹುಡುಗರೆಲ್ಲ ಬೆಳಗಿನ ತಿಂಡಿಗೆ ಇಲ್ಲಿಗೇ ಬರುತ್ತಾರೆ. ತರಕಾರಿ ತರಲು ಕತ್ತಲಿರುವಾಗಲೇ ಮಾರುಕಟ್ಟೆಗೆ ಹೊರಡಬೇಕು. ಸ್ಕೂಟರು ನಿಂತ ದಿನ ಒಲೆಯೂ ನಿಂತಂತೆ.

ಹೋದ ವರ್ಷ ಅವರ ಬಲಗಣ್ಣಿನ ಪೊರೆ ತೆಗೆದು ಹೊಸ ಲೆನ್ಸು ಕೂರಿಸಿದರು. ಈಗ ಎಡಗಣ್ಣಿನ ಸರದಿ. ಚೇತನಾ ಕ್ಲಿನಿಕ್ಕಿನವರು ವಿಚಾರಿಸಲು ಕಳಿಸುವ ಹುಡುಗಿ ಎಂದೇ ಅವರು ತಿಳಿದಿದ್ದಾರೆ.

ನಿಜದಲ್ಲಿ ಅವಳು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೆನ್ಸುಗಳ ವಿನ್ಯಾಸ ಮಾಡುತ್ತಾಳೆ. ಕಡಲೆಬೇಳೆಯಷ್ಟು ಅಗಲದ ವಸ್ತು ಅದು. ಮಾಮೂಲಿ ಲೆನ್ಸು ಹಾಕಿಸಿಕೊಂಡವರಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಮಾತ್ರ ಕನ್ನಡಕ ಬೇಕು. ಚೇತನಾ ಮಾಡುವ ಮಲ್ಟಿಫೋಕಲ್ ಲೆನ್ಸು ಹತ್ತಿರದ್ದು, ದೂರದ್ದು ಎರಡನ್ನೂ ತೋರಿಸುತ್ತದೆ. ಅದರ ಮೈಮೇಲೆ ಒಂದರೊಳಗೊಂದು ಉಂಗುರಗಳಿವೆ, ಉಂಗುರಗಳ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲುಗಳಿವೆ. ಕಣ್ಣಿಗೆ ಬರುವ ಬೆಳಕನ್ನು ಅವು ಹತ್ತಿರಕ್ಕಿಷ್ಟು, ದೂರಕ್ಕಿಷ್ಟು ಎಂದು ಪಾಲು ಮಾಡುತ್ತವೆ. ತೊಂದರೆ ಶುರುವಾಗುವುದು ಕತ್ತಲಾದ ಮೇಲೆ. ಹತ್ತಿರಕ್ಕೆಂದು ಮೀಸಲಿಟ್ಟ ಪಾಲು ದೂರದ ದೀಪದ ಸುತ್ತ ಬಳೆಯಂತೆ ಹರಡಿಕೊಳ್ಳುತ್ತದೆ. ಮೆಟ್ಟಿಲಿನ ಅಂಚು ಚೂಪಾಗಿದ್ದರೆ ಬೆಳಕು ಚೆದುರಿ ಕಣ್ಣು ಕುಕ್ಕುತ್ತದೆ.

ಉಂಗುರ ಎಷ್ಟಿರಬೇಕು, ಮೆಟ್ಟಿಲು ಎಷ್ಟು ಎತ್ತರವಿರಬೇಕು, ಅಂಚು ಎಷ್ಟು ನುಣುಪಾಗಬೇಕು ಎಂಬುದೇ ಅವಳ ದಿನದ ಕೆಲಸ. ಕಂಪ್ಯೂಟರಿನಲ್ಲಿ ದಿನಕ್ಕೆ ಹತ್ತಾರು ಬಗೆಯಲ್ಲಿ ಬರೆದು ಅಳಿಸುತ್ತಾಳೆ. ಎಲ್ಲೋ ವಾರಕ್ಕೊಂದು ವಿನ್ಯಾಸ, ಕಾರ್ಖಾನೆಯಲ್ಲಿ ಲೆನ್ಸು ಕಡೆಯುವ ಸುಬ್ರಮಣಿಯವರ ಲೇತ್ ಯಂತ್ರದ ತನಕ ಹೋಗುತ್ತದೆ. "ಈ ಹುಡುಗಿ ಮಾತಾಡೋದು ಒಂದೇ ಮಾತು, 'ಸಾರ್, ಇದು ಬೇಡ' ಅಂತ. ಅಷ್ಟಕ್ಕೇ ನನ್ನ ಇಡೀ ದಿನದ ಕೆಲಸ ಕಸದ ಡಬ್ಬಿಗೆ," ಎಂದು ಅವರು ನಗುತ್ತಾರೆ. "ಆದ್ರೆ ಬೇಡ ಅಂದ್ರೆ ಬೇಡಾನೇ. ಯಾಕೆ ಅಂತ ಕೂತು ತೋರಿಸ್ತಾಳೆ."

ಚೇತನಾ ಬಿನ್ನಿಪೇಟೆಯ ಹಳೆಯ ಗಿರಣಿ ಕಾರ್ಮಿಕರ ಮನೆಯವಳು. ಈಗ ಅತ್ತಿಗುಪ್ಪೆಯಲ್ಲಿ ಅಮ್ಮನ ಜೊತೆ ಇದ್ದಾಳೆ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿದ್ದವು, ಸಂದರ್ಶನಗಳಲ್ಲಿ ಮಾತ್ರ ದನಿ ಮೇಲೇಳುತ್ತಿರಲಿಲ್ಲ. "ಸ್ವಲ್ಪ ಜೋರಾಗಿ ಮಾತಾಡಮ್ಮ ಅನ್ನೋರು. ಅಷ್ಟರಲ್ಲಿ ನಂಗೆ ಗೊತ್ತಿರೋದೂ ಮರೆತುಹೋಗೋದು," ಎನ್ನುತ್ತಾಳೆ. ಈ ಕಾರ್ಖಾನೆಯಲ್ಲಿ ಬಾಯಿಮಾತಿನ ಬದಲು ಬರೆದು ತೋರಿಸಲು ಒಂದು ಬಿಳಿ ಹಲಗೆ ಕೊಟ್ಟರು. ಅವಳು ಇಲ್ಲೇ ನೆಲೆಯಾದಳು.

ಕ್ಲಿನಿಕ್ಕಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಚೆನ್ನಾಗಿದೆ." ಆಪರೇಷನ್ ಮಾಡಿದ ಡಾಕ್ಟರು ಎದುರಿಗೇ ಇರುವಾಗ ಕಣ್ಣು ಕುಕ್ಕುತ್ತದೆ ಎನ್ನುವುದು ಉಂಡ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎಂದಂತೆ. ಯಶೋದಮ್ಮನೂ ಹಾಗೇ ಅನ್ನುತ್ತಿದ್ದರು. ಚೇತನಾ ಬೆಳಗಿನ ಜಾವ ಮನೆಗೇ ಬರತೊಡಗಿದ್ದು ಅದಕ್ಕಾಗಿ. ಒಂದು ದಿನ ಅವರು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಾಗ ಬೀದಿದೀಪ ತೋರಿಸಿ, ಹೇಗೆ ಕಾಣುತ್ತದೆ ಎಂದು ಮೆಲ್ಲಗೆ ಕೇಳಿದಳು.

"ಹೇಳೋಕೆ ಬರಲ್ಲ ಕಣಮ್ಮ," ಎಂದವರೇ ಚಿಟಿಕೆಯಲ್ಲಿದ್ದ ಪುಡಿಯಿಂದ ನೆಲದ ಮೇಲೆ ದೊಡ್ಡದೊಂದು ಬಳೆ ಎಳೆದರು. ಅದರ ಸುತ್ತ ಮುಳ್ಳುಗಳನ್ನೂ ಬಿಡಿಸಿದರು. "ನೋಡು, ಹಿಂಗೆ. ಎದುರಿಗೆ ಬಸ್ ಬಂದ್ರೆ ಇನ್ನೂ ಜಾಸ್ತಿ, ಗಾಡಿ ಪಕ್ಕಕ್ಕೆ ಹಾಕಿ ನಿಂತ್ಕೋತೀನಿ. ಡಾಕ್ಟರ್‌ಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ. ನಿಂಗೂ ಬೈತಾರೆ."

ಚೇತನಾ ಫೋಟೊ ತೆಗೆದುಕೊಂಡಳು. ಆಮೇಲೆ ಅದೇ ಲೆನ್ಸಿನ ಇನ್ನೂ ಕೆಲವರ ಮನೆಗಳಿಗೆ ಬೆಳಕು ಹರಿಯುವ ಮುನ್ನ ಹೋದಳು. ಹೆಂಗಸರಿಗೆ ರಂಗೋಲಿ, ಗಂಡಸರಿಗೆ ಸೀಮೆಸುಣ್ಣ. ಎಲ್ಲರ ಬಳೆಗಳಿಗೂ ಮುಳ್ಳುಗಳಿದ್ದವು. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾದಾಗ ಲೆನ್ಸಿನ ಹೊರಗಿನ ಉಂಗುರಗಳು ತೆರೆದುಕೊಳ್ಳುತ್ತವೆ. ಮುಳ್ಳುಗಳು ಅಲ್ಲಿಂದಲೇ ಇರಬೇಕು ಎಂದುಕೊಂಡು, ಅಂಚಿನತ್ತ ಹೋದಂತೆ ಮೆಟ್ಟಿಲುಗಳನ್ನು ತಗ್ಗಿಸುತ್ತಾ ಬಂದಳು, ಮೂಲೆಗಳನ್ನು ದುಂಡಾಗಿಸಿದಳು. ತಿಂಗಳುಗಳೇ ಹಿಡಿದವು. ಪ್ರಯೋಗದ ಮೇಜಿನ ಮೇಲೆ ಬಳೆ ತೆಳ್ಳಗಾಯಿತು. ಹೊಸ ಲೆನ್ಸನ್ನು ರೋಗಿಗಳಿಗೆ ಹಾಕಲು ಸರ್ಕಾರದ ಅನುಮತಿಯೂ ಸಿಕ್ಕಿತು.

"ಅವರು ಕತ್ತಲಲ್ಲಿ ಗಾಡಿ ನಿಲ್ಲಿಸದೆ ಮಾರ್ಕೆಟ್‌ಗೆ ಹೋಗ್ಬಂದ್ರೆ ಸಾಕು ನಂಗೆ," ಎನ್ನುತ್ತಾಳೆ ಚೇತನಾ. ಯಶೋದಮ್ಮನ ಎದುರು ಇಷ್ಟೂ ಹೇಳಿದವಳಲ್ಲ.

ಇವತ್ತು ಎಡಗಣ್ಣಿಗೆ ಯಾವ ಲೆನ್ಸು ಎಂಬುದು ತೀರ್ಮಾನವಾಗಬೇಕು. ತಿಂಡಿಯ ಗಲಾಟೆ ಮುಗಿದ ಮೇಲೆ ಇಬ್ಬರೂ ಕ್ಲಿನಿಕ್ಕಿಗೆ ಬರುತ್ತಾರೆ. ಡಾಕ್ಟರ ಪಕ್ಕದಲ್ಲಿ ಚೇತನಾಳ ಕಾರ್ಖಾನೆಯ ಲೆನ್ಸುಗಳ ಮಾರಾಟ ನೋಡಿಕೊಳ್ಳುವ ನಾಗಭೂಷಣ್ ಕುಳಿತಿದ್ದಾರೆ.

"ಹೊಸದರಲ್ಲಿ ಆ ಬಳೆ ಕಾಣುತ್ತಾ, ಇಲ್ವಾ?" ಈ ಸಲ ಡಾಕ್ಟರ ಬೇಜಾರಿಗೂ ಅಂಜದೆ ಯಶೋದಮ್ಮ ನೇರವಾಗಿ ಕೇಳುತ್ತಾರೆ.

"ಒಂದ್ ಚೂರೂ ಕಾಣಲ್ಲ ಆಂಟಿ, ಗ್ಯಾರಂಟಿ!" ಎನ್ನುತ್ತಾರೆ ನಾಗಭೂಷಣ್.

"ಹೋದ್ಸಲಾನೂ ಇದೇ ಗ್ಯಾರಂಟಿ ಕೊಟ್ಟಿದ್ರಿ. ಕತ್ತಲಲ್ಲಿ ಸ್ಕೂಟರ್ ಓಡಿಸೋದು ನಾನಪ್ಪ, ನೀವಲ್ಲ. ಬೇಡ ಬಿಡಿ, ಡಾಕ್ಟ್ರೇ. ಮಾಮೂಲಿದೇ ಹಾಕಿ, ಅಕ್ಕಿ ಆರಿಸೋಕೆ ಕನ್ನಡಕ ಹಾಕ್ಕೋತೀನಿ." ಎದ್ದವರು ಮತ್ತೆ ಕುಳಿತು ಎಲ್ಲರ ಮುಖ ನೋಡುತ್ತಾರೆ. "ಇಲ್ಲಾ ಅಂದ್ರೆ, ಯಾರಾದ್ರೂ ಒಬ್ರು ಇದ್ದಿದ್ದು ಇದ್ದ ಹಾಗೆ ಹೇಳಿ. ಹೊಸದೇ ಹಾಕಿಸ್ಕೋತೀನಿ."

ಡಾಕ್ಟರು ನಾಗಭೂಷಣರ ಕಡೆ ತಿರುಗುತ್ತಾರೆ. ನಾಗಭೂಷಣ್ ಮೊಬೈಲ್ ಕಡೆ ನೋಡುತ್ತಾರೆ. ಗೋಡೆಗೊರಗಿ ನಿಂತಿದ್ದ ಚೇತನಾ ಒಂದು ಹೆಜ್ಜೆ ಮುಂದೆ ಬರುತ್ತಾಳೆ. ಕಿವಿ ಕೆಂಪಾಗಿದೆ, ದನಿ ಮಾತ್ರ ಆ ಕೋಣೆಗೆ ಸಾಕಾಗುವಷ್ಟಿದೆ.

"ಕಾಣುತ್ತೆ ಆಂಟಿ. ಬಳೆ ತೆಳ್ಳಗಿರುತ್ತೆ, ಮುಳ್ಳು ತುಂಬಾ ಕಮ್ಮಿ ಆಗುತ್ತೆ. ಪೂರ್ತಿ ಹೋಗಲ್ಲ, ಪೂರ್ತಿ ತೆಗೆಯೋಕೆ ನಂಗಿನ್ನೂ ಬಂದಿಲ್ಲ. ನಿಮ್ಮ ಕಣ್ಣಲ್ಲಿರೋ ಲೆನ್ಸು, ಈ ಹೊಸ ಲೆನ್ಸು, ಎರಡನ್ನೂ ಡಿಸೈನ್ ಮಾಡಿದ್ದು ನಾನೇ."